ವಾಷಿಂಗ್ಟನ್‌ನ 89.3: ಹಾಡಿನ ಹಿಂದಿನ ಕಥೆ ಹೇಳುವ ರೇಡಿಯೋ

ಅಮೆರಿಕದ ರಾಜಧಾನಿ ವಾಷಿಂಗ್ಟನ್ ಸುತ್ತಮುತ್ತ ಹೊಸದಾಗಿ ಬಂದ ನಮ್ಮ ಕಡೆಯವರು ಮೊದಲು ವಿಚಾರಿಸುವುದು ಇಂಡಿಯನ್ ಅಂಗಡಿ ಎಲ್ಲಿದೆ ಅಂತ. ಅದನ್ನು ಹೇಳಿದ ಮೇಲೆ ನಾನು ಇನ್ನೊಂದು ಮಾತು ಸೇರಿಸುತ್ತೇನೆ. ಕಾರಿನ ರೇಡಿಯೋವನ್ನು 89.3ಕ್ಕೆ ತಿರುಗಿಸಿ, ಸ್ವಲ್ಪ ದಿನ ಹಾಗೇ ಬಿಡಿ.

ಈ ಸ್ಟೇಷನ್ ಹೆಸರು ಡಬ್ಲ್ಯೂಪಿಎಫ್‌ಡಬ್ಲ್ಯೂ. 1977ರ ಫೆಬ್ರವರಿ 28ರಂದು ಶುರುವಾಯಿತು. ಮೊದಲು ಹಾಕಿದ್ದು ಜಾಜ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಅವರ ಸಂಗೀತ, ಅವರು ಇದೇ ಊರಲ್ಲಿ ಹುಟ್ಟಿದವರು. ಜಾಹೀರಾತು ಇಲ್ಲ. ಕೇಳುವವರು ಕೊಡುವ ದುಡ್ಡಿನಲ್ಲೇ ಹೆಚ್ಚುಕಡಿಮೆ ಎಲ್ಲ ನಡೆಯಬೇಕು. ಕಾರ್ಯಕ್ರಮ ಮಾಡುವವರಲ್ಲಿ ಬಹಳಷ್ಟು ಜನ ಸಂಬಳವಿಲ್ಲದೆ ಬರುವವರು. ಜಾಜ್ ಜಾಸ್ತಿ. ಜೊತೆಗೆ ಬ್ಲೂಸ್, ಸೋಲ್, ಗಾಸ್ಪೆಲ್ (ಎಲ್ಲವೂ ಅಮೆರಿಕದ ಕಪ್ಪು ಜನರ ನಡುವೆ ಬೆಳೆದ ಸಂಗೀತದ ಬಗೆಗಳು), ಮಧ್ಯೆ ಮಧ್ಯೆ ರಾಜಕೀಯದ ಚರ್ಚೆ. ನನಗೆ ಸೋಲ್ ಹಾಡುಗಳೆಂದರೆ ಪ್ರಾಣ, ಹಾಗಾಗಿ ನನ್ನ ವಿಮರ್ಶೆ ಆ ಕಡೆಗೇ ವಾಲುತ್ತದೆ.

ಹಳೇ ಸೋಲ್ ಹಾಡುಗಳು ಫೋನಿನ ಆ್ಯಪ್‌ನಲ್ಲೂ ಸಿಗುತ್ತವೆ, ಅಲ್ವಾ? ಸಿಗುತ್ತವೆ. ಆದರೆ ಅಲ್ಲಿ ಒಂದು ಹಾಡು ಮುಗಿದ ಕೂಡಲೇ ಇನ್ನೊಂದು ಬಂದುಬಿಡುತ್ತದೆ. ಇಲ್ಲಿ ಹಾಡು ಮುಗಿದ ಮೇಲೆ ಒಬ್ಬರು ನಿಧಾನವಾಗಿ ಮಾತಾಡುತ್ತಾರೆ. ಬಾಸ್ ವಾದ್ಯ ನುಡಿಸಿದ್ದು ಯಾರು, ಆ ವರ್ಷ ಊರಲ್ಲಿ ಏನು ನಡೆದಿತ್ತು, ಆ ಗಾಯಕರು ಯಾವ ಬೀದಿಯಲ್ಲಿ ಬೆಳೆದರು ಅಂತೆಲ್ಲ. ನನಗೆ ಅಮೆರಿಕದ ಚರಿತ್ರೆ ಮನಸ್ಸಿಗೆ ಇಳಿದದ್ದು ಹೀಗೆ.

ಕಪ್ಪು ಸೋಲ್ ಗಾಯಕ ಸ್ಯಾಮ್ ಕುಕ್ ಅವರ ಉದಾಹರಣೆಯನ್ನೇ ನೋಡಿ. 1963ರ ಅಕ್ಟೋಬರ್‌ನಲ್ಲಿ ಅವರು ಲೂಸಿಯಾನಾದ ಶ್ರೀವ್‌ಪೋರ್ಟ್‌ನ ಒಂದು ಮೋಟೆಲ್‌ಗೆ ಹೋದರು. ಫೋನಿನಲ್ಲಿ ಮೊದಲೇ ರೂಮು ಗೊತ್ತು ಮಾಡಿಕೊಂಡಿದ್ದರು. ಮುಖ ನೋಡಿದ ಮೇಲೆ ರೂಮಿಲ್ಲ ಅಂದರು. ಜಗಳವಾಯಿತು, ಪೊಲೀಸರು ಹಿಡಿದದ್ದು ಕುಕ್ ಅವರನ್ನೇ. ಮುಂದಿನ ಜನವರಿಯಲ್ಲಿ ಅವರು "ಎ ಚೇಂಜ್ ಈಸ್ ಗಾನಾ ಕಮ್", ಅಂದರೆ ಬದಲಾವಣೆ ಬಂದೇ ಬರುತ್ತದೆ ಎನ್ನುವ ಆ ದೊಡ್ಡ ಹಾಡನ್ನು ರೆಕಾರ್ಡ್ ಮಾಡಿದರು. ಆಲ್ಬಂನಲ್ಲಿ ಒಂದು ಚರಣವಿದೆ: ಸಿನಿಮಾಕ್ಕೆ ಹೋದರೂ ಪೇಟೆಗೆ ಹೋದರೂ ಇಲ್ಲಿ ನಿಲ್ಲಬೇಡ ಅಂತಾರೆ ಎನ್ನುವ ಅರ್ಥದ್ದು. ರೇಡಿಯೋಗಳಿಗೆ ಕಳಿಸಿದ ಸಿಂಗಲ್‌ನಲ್ಲಿ, ಅಂದರೆ ಬಿಡಿ ಹಾಡಿನ ರೆಕಾರ್ಡಿನಲ್ಲಿ, ಆ ಚರಣವನ್ನೇ ಕತ್ತರಿಸಿದ್ದರು. ಆ ಸಿಂಗಲ್ ಹೊರಬಂದದ್ದು 1964ರ ಡಿಸೆಂಬರ್‌ನಲ್ಲಿ, ಕುಕ್ ಗುಂಡೇಟಿಗೆ ಸತ್ತ ಕೆಲವೇ ದಿನಗಳ ಮೇಲೆ.

ನಾನು 89.3ರಲ್ಲಿ ಕೇಳಿದ್ದು ಕತ್ತರಿ ಬೀಳದ ಹಾಡು. ಮಗಳು ಹಿಂದಿನ ಸೀಟಿನಲ್ಲಿದ್ದಳು. "ಅಮ್ಮ, ರೂಮ್ ಬುಕ್ ಮಾಡಿದ್ರಲ್ವಾ, ಮತ್ತೆ ಯಾಕೆ ಕೊಡ್ಲಿಲ್ಲ?" ಅಂದಳು. ಮನೆ ಬಂದರೂ ಕಾರಿನಿಂದ ಇಳಿಯಲಿಲ್ಲ, ಅಲ್ಲೇ ಕೂತು ಮಾತಾಡಿದೆವು.

ನಾವಿರುವುದು ವಾಷಿಂಗ್ಟನ್‌ಗೆ ಅಂಟಿಕೊಂಡ ಸಿಲ್ವರ್ ಸ್ಪ್ರಿಂಗ್‌ನಲ್ಲಿ. ಕೆಲಸಕ್ಕೆ ಜಾರ್ಜಿಯಾ ಅವೆನ್ಯೂ ಹಿಡಿದು ನೇರ ಊರೊಳಗೆ ಹೋಗುತ್ತೇನೆ. ದಾರಿಯಲ್ಲಿ ಹೋವರ್ಡ್ ಯೂನಿವರ್ಸಿಟಿ. ಸೋಲ್ ಗಾಯಕರಾದ ರಾಬರ್ಟಾ ಫ್ಲ್ಯಾಕ್, ಡಾನಿ ಹ್ಯಾಥವೇ ಇಬ್ಬರೂ ಓದಿದ ಜಾಗ. ಮುಂದೆ 1910ರಲ್ಲಿ ಬಾಗಿಲು ತೆರೆದ ಹೋವರ್ಡ್ ಥಿಯೇಟರ್. ಮೊದಲೆಲ್ಲ ಇವು ನನಗೆ ಸುಮ್ನೆ ಸಿಗ್ನಲ್‌ಗಳ ನಡುವಿನ ಕಟ್ಟಡಗಳು.

ಅಲ್ಲೇ ಹತ್ತಿರದ ಬ್ರಯಂಟ್ ಸ್ಟ್ರೀಟ್‌ನಲ್ಲಿ ಒಂದು ಕಪ್ಪು ಕುಟುಂಬ ಮನೆ ಕೊಂಡಿತ್ತು. ಕಪ್ಪು ಜನರಿಗೆ ಮಾರಬಾರದು ಎಂದು ಆಸ್ತಿ ಪತ್ರದಲ್ಲಿ ಬರೆದಿದೆ ಅಂತ ನೆರೆಯವರು ಕೋರ್ಟಿಗೆ ಹೋದರು. 1948ರಲ್ಲಿ ಸುಪ್ರೀಂ ಕೋರ್ಟ್ ಅಂಥ ಷರತ್ತನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದಿತು. ನಮ್ಮ ಸಿಲ್ವರ್ ಸ್ಪ್ರಿಂಗ್‌ನ ಎಷ್ಟೋ ಬಡಾವಣೆಗಳ ಪತ್ರಗಳಲ್ಲೂ ಇದೇ ಷರತ್ತು ಇತ್ತು. ಮನೆ ಕೊಳ್ಳುವಾಗ ಶಾಲೆ ಹೇಗಿದೆ, ಮೆಟ್ರೋ ಎಷ್ಟು ದೂರ ಅಂತ ಎಲ್ಲರೂ ಕೇಳುತ್ತೇವೆ. ಈ ಬೀದಿಯಲ್ಲಿ ಯಾರನ್ನು ಬಿಟ್ಟುಕೊಂಡಿರಲಿಲ್ಲ ಅಂತ ಕೇಳುವವರು ಕಡಿಮೆ. ನಮ್ಮಂಥವರು ಇಲ್ಲಿಗೆ ಬರಲು ದಾರಿ ಮಾಡಿದ್ದು 1965ರ ವಲಸೆ ಕಾನೂನು. ಅದು ಪಾಸಾದದ್ದು ಕಪ್ಪು ಜನ ಬೀದಿಗಿಳಿದು, ಏಟು ತಿಂದು ಗಳಿಸಿದ 1964ರ ನಾಗರಿಕ ಹಕ್ಕು ಕಾನೂನಿನ ಬೆನ್ನಿಗೇ. ಅವರ ಋಣ ನಮ್ಮ ಮೇಲಿದೆ. ನಮ್ಮ ಜನ ಇದನ್ನು ಮನೆಮನೆಯಲ್ಲೂ ಮಾತಾಡಬೇಕು ಅಂತ ನನ್ನ ಆಸೆ.

ಸೋಲ್ ಗಾಯಕ ಮಾರ್ವಿನ್ ಗೇ ಕೂಡ ಈ ಊರಿನವರೇ. ಹುಟ್ಟಿದ್ದು 1939ರ ಏಪ್ರಿಲ್ 2. ಅದೇ ತಿಂಗಳ 9ರಂದು ಮೇರಿಯನ್ ಆ್ಯಂಡರ್ಸನ್ ಲಿಂಕನ್ ಮೆಮೋರಿಯಲ್ ಮೆಟ್ಟಿಲ ಮೇಲೆ ಹಾಡಿದರು. ಕಪ್ಪು ಗಾಯಕಿ ಅಂತ ಅವರಿಗೆ ಊರಿನ ದೊಡ್ಡ ಸಭಾಂಗಣ ಕಾನ್‌ಸ್ಟಿಟ್ಯೂಷನ್ ಹಾಲ್ ಕೊಟ್ಟಿರಲಿಲ್ಲ. ಕೇಳಲು ಸೇರಿದ್ದು ಸುಮಾರು 75,000 ಜನ. ಗೇ ಬಾಲ್ಯ ಕಳೆದದ್ದು ಸೌತ್‌ವೆಸ್ಟ್ ಭಾಗದಲ್ಲಿ. 1950ರ ದಶಕದಲ್ಲಿ ಊರು ಸುಧಾರಿಸುತ್ತೇವೆ ಅಂತ ಆ ಭಾಗದ ಬಹುಪಾಲು ಮನೆಗಳನ್ನು ಕೆಡವಿದರು. 20,000ಕ್ಕೂ ಜಾಸ್ತಿ ಜನ ಎದ್ದು ಹೋಗಬೇಕಾಯಿತು, ಅವರಲ್ಲಿ ಹೆಚ್ಚಿನವರು ಕಪ್ಪು ಜನ. ಇವತ್ತು ಅಲ್ಲೇ ನದಿ ದಂಡೆಯ ಹೋಟೆಲುಗಳಲ್ಲಿ ನಾವು ಹುಟ್ಟುಹಬ್ಬದ ಊಟ ಮಾಡುತ್ತೇವೆ.

ಹೊಸಬರಿಗೆ ಒಂದೆರಡು ಮಾತು. ದೇಣಿಗೆ ಕೇಳುವ ದಿನಗಳಲ್ಲಿ ಹಾಡು ಕಡಿಮೆ, ಮಾತು ಜಾಸ್ತಿ ಇರುತ್ತದೆ. ಜಾಹೀರಾತಿಲ್ಲದ ರೇಡಿಯೋ ಉಳಿಯಲು ಅದು ಬೇಕು, ತಾಳ್ಮೆಯಿಂದ ಕೇಳಿ, ಆದಷ್ಟು ಕೊಡಿ. ರಾಜಕೀಯದ ಚರ್ಚೆಗಳು ಎಡಕ್ಕೆ ವಾಲುತ್ತವೆ. ಅದು ಹಿಡಿಸದಿದ್ದರೆ ಸಂಗೀತದ ಹೊತ್ತಿಗಷ್ಟೇ ಹಾಕಿಕೊಳ್ಳಿ. ನಿರೂಪಕರು ಥಳುಕಿನ ದನಿಯವರಲ್ಲ, ಕೆಲವರು ತಡವರಿಸುತ್ತಾರೆ, ನನಗೆ ಅದೂ ಇಷ್ಟ.

ಬೆಂಗಳೂರು, ಮೈಸೂರಿನಲ್ಲಿ ಇರುವವರು ಇಂಟರ್‌ನೆಟ್‌ನಲ್ಲಿ ಲೈವ್ ಕೇಳಬಹುದು. ಇಲ್ಲಿನ ಶನಿವಾರ ಬೆಳಗ್ಗೆ ಅಂದರೆ ನಿಮಗೆ ಶನಿವಾರ ಸಂಜೆ. ಅಡುಗೆಮನೆ ಕೆಲಸದ ಹೊತ್ತಿಗೆ ಹಾಕಿಕೊಳ್ಳಿ. ಹಾಡು ನಿಂತು ಮಾತು ಶುರುವಾದಾಗ ಮಾತ್ರ ಮಿಕ್ಸಿ ಹಾಕಬೇಡಿ.