ಟೀ ಎಲೆ ಕಟ್ಟುವ ಹುಳುವಿಗೆ ಐದು ಮದ್ದು: ಹಚ್ಚಿ ನೋಡಿದ ಮೇಲೆ

ಟೀ ಗಿಡದಲ್ಲಿ ಎರಡು ಎಲೆ ಒಂದಕ್ಕೊಂದು ಅಂಟಿಕೊಂಡಿದ್ದರೆ ಮೆಲ್ಲಗೆ ಬಿಡಿಸಿ ನೋಡಿ. ಒಳಗೆ ಬಿಳಿ ನೂಲು, ಕರಿ ಹಿಕ್ಕೆ, ನಡುವೆ ಕಪ್ಪು ತಲೆಯ ಹಸಿರು ಹುಳು. ಬೆರಳು ತಾಕಿದ್ದೇ ತಡ, ಹಿಂದಕ್ಕೆ ಮಿಸುಕಾಡಿ ನೂಲು ಬಿಟ್ಟುಕೊಂಡು ಕೆಳಗೆ ಜಾರಿಬಿಡುತ್ತದೆ. ಇದು ಹೊಮೋನಾ ಕಾಫಿಯೇರಿಯಾ ಎಂಬ ಕಂದು ಪತಂಗದ ಮರಿ. ಟೀ, ಕಾಫಿ, ನೆರಳಿನ ಮರ, ಯಾವುದನ್ನೂ ಬಿಡುವುದಿಲ್ಲ. ಹಣ್ಣಿನ ಗಿಡವಾದರೆ ನಾಲ್ಕು ಎಲೆ ಹೋದರೂ ಸುಮ್ಮನಿರಬಹುದು. ಟೀಯಲ್ಲಿ ಎಲೆಯೇ ಬೆಳೆ.

ನಾನು ಹೋಲಿಸಿ ನೋಡಿದ್ದು ಐದು ದಾರಿ: ಬೆಳಕಿನ ಬಲೆ, ಮೋಹಕ ಬಲೆ, ಬೇವಿನ ಕಷಾಯ, ಬಿ.ಟಿ. ಎಂಬ ಬ್ಯಾಕ್ಟೀರಿಯಾ ಮದ್ದು, ಕೈಯಲ್ಲಿ ಆರಿಸುವುದು. ಸಿಂಪಡಣೆ ಮತ್ತು ಕೈಕೆಲಸಕ್ಕೆ ಬೇರೆ ಬೇರೆ ಸಾಲು. ಏನೂ ಮಾಡದೆ ಬಿಟ್ಟ ಸಾಲುಗಳೂ ಇದ್ದವು. ಅವು ಇಲ್ಲದೆ ಹೋಲಿಕೆಗೆ ಅರ್ಥವಿಲ್ಲ, ಯಾಕೆಂದರೆ ಈ ಹುಳು ಕೆಲವೊಮ್ಮೆ ತಾನಾಗಿಯೇ ಕಡಿಮೆಯಾಗುತ್ತದೆ.

ಬೆಳಕಿನ ಬಲೆಯ ಕಥೆ ಬೇಗ ಮುಗಿಯುತ್ತದೆ. ಒಂದು ದೀಪ, ಕೆಳಗೆ ಸೋಪಿನ ನೀರಿನ ಬಕೆಟ್. ಬೆಳಿಗ್ಗೆ ನೋಡಿದರೆ ಬಕೆಟ್ ತುಂಬಾ ಹುಳ, ನೋಡಿದವರಿಗೆಲ್ಲ ಖುಷಿ. ಸೋಸಿ ಕಾಗದದ ಮೇಲೆ ಹರಡಿದಾಗ ನಿಜ ಗೊತ್ತಾಗುತ್ತದೆ. ದುಂಬಿಗಳು, ಟೀಗೆ ಸಂಬಂಧವೇ ಇಲ್ಲದ ಪತಂಗಗಳು, ಜೊತೆಗೆ ಹಸಿರು ಜಾಲರೆಕ್ಕೆಯ ಲೇಸ್‌ವಿಂಗ್. ನಮ್ಮ ಪತಂಗ ಅಲ್ಲೊಂದು ಇಲ್ಲೊಂದು. ಲೇಸ್‌ವಿಂಗ್‌ನ ಮರಿ ಪತಂಗದ ಮೊಟ್ಟೆ, ಎಳೆ ಹುಳು ಹಿಡಿದು ತಿನ್ನುತ್ತದೆ. ಅದನ್ನೇ ಮುಳುಗಿಸಿ ಕೊಲ್ಲುವ ಬಲೆ ನಮಗೆ ಯಾಕೆ? ಸಾಲದ್ದಕ್ಕೆ, ದೀಪಕ್ಕೆ ಬಂದು ನೀರಿಗೆ ಬೀಳದ ಪತಂಗಗಳು ಪಕ್ಕದ ಗಿಡಗಳ ಮೇಲೇ ಕೂತಿರುತ್ತಿದ್ದವು. ನಿಲ್ಲಿಸಿಬಿಟ್ಟೆ.

ಮೋಹಕ ಬಲೆ ಬೇರೆ ಜಾತಿ. ಹೆಣ್ಣು ಪತಂಗದ ವಾಸನೆ ತುಂಬಿದ ಚಿಕ್ಕ ರಬ್ಬರ್ ತುಂಡು, ಕೆಳಗೆ ಅಂಟಿನ ಹಾಳೆ. ಬೇರೆ ಹುಳಗಳು ಹೆಚ್ಚು ಬರುವುದಿಲ್ಲ. ಬರುವುದು ಗಂಡು ಮಾತ್ರ, ಸಮಸ್ಯೆ ಇರುವುದೂ ಅಲ್ಲೇ. ಹೊರಗೆ ಉಳಿದ ಗಂಡುಗಳು ಒಂದಕ್ಕಿಂತ ಹೆಚ್ಚು ಹೆಣ್ಣುಗಳ ಜೊತೆ ಕೂಡುತ್ತವೆ. ಹಾಗಾಗಿ ನಾಲ್ಕು ಬಲೆ ಕಟ್ಟಿ ಹುಳು ಮುಗಿಯಲಿ ಅಂತ ಕಾದರೆ ಆಗುವ ಕೆಲಸವಲ್ಲ. ಬಲೆ ಕಟ್ಟಿದ ಮೇಲೂ ಎಲೆಗೂಡುಗಳು ಹಾಗೇ ಇದ್ದವು. ಆದರೆ ಯಾವಾಗ ಎಚ್ಚರವಾಗಬೇಕು ಅಂತ ಹೇಳುವುದರಲ್ಲಿ ಇದನ್ನು ಮೀರಿಸಿದ್ದು ಇಲ್ಲ. ಹಾಳೆಗೆ ಇದ್ದಕ್ಕಿದ್ದಂತೆ ಪತಂಗ ಜಾಸ್ತಿ ಅಂಟಿದರೆ, ಒಂದೆರಡು ವಾರದಲ್ಲಿ ಮರಿಗಳು ಹೊರಬರುತ್ತವೆ ಅಂತ ಲೆಕ್ಕ. ಈ ಸುಳಿವಿಗೆ ಎಷ್ಟು ಬೆಲೆ ಅನ್ನುವುದು ಬಿ.ಟಿ. ವಿಷಯಕ್ಕೆ ಬಂದಾಗ ಗೊತ್ತಾಗುತ್ತದೆ.

ನಿಜವಾದ ಪೈಪೋಟಿ ಬೇವಿಗೂ ಬಿ.ಟಿ.ಗೂ. ಬೇವಿಗೆ ನಾನು ಬಳಸಿದ್ದು ಹಳೇ ಲೆಕ್ಕವೇ: 10 ಲೀಟರ್ ನೀರಿಗೆ ಅರ್ಧ ಕೆ.ಜಿ. ಬೀಜದ ತಿರುಳಿನ ಪುಡಿ, ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಎಲೆಗೆ ಹಿಡಿಯಲಿ ಅಂತ ಚೂರು ಸೋಪು. ಅದರಲ್ಲಿರುವ ಅಜಾಡಿರಾಕ್ಟಿನ್ ಹುಳುವನ್ನು ತಕ್ಷಣ ಕೊಲ್ಲುವುದಿಲ್ಲ. ತಿನ್ನುವ ಆಸೆ ಕಳೆಯುತ್ತದೆ, ಪೊರೆ ಬಿಡುವುದನ್ನು ಕೆಡಿಸುತ್ತದೆ. ಸಿಂಪಡಿಸಿದ ಸಾಲುಗಳಲ್ಲಿ ಹೊಸ ಗೂಡುಗಳು ಕಡಿಮೆಯಾದವು, ಅದು ಸುಳ್ಳಲ್ಲ. ಆಗಲೇ ಗೂಡು ಕಟ್ಟಿಕೊಂಡಿದ್ದ ಹುಳುಗಳು ಮಾತ್ರ ಕ್ಯಾರೇ ಅನ್ನಲಿಲ್ಲ. ಎರಡು ಎಲೆಯ ನಡುವೆ ಕೂತವಕ್ಕೆ ಮೇಲೆ ಬಿದ್ದ ಹನಿ ಏನು ಮಾಡೀತು?

ಬೇವು ನನ್ನ ಕೈಯಲ್ಲಿ ಸೋತದ್ದು ಇನ್ನೊಂದು ಕಾರಣಕ್ಕೆ. ಟೀ ಎಲೆ ವಾಸನೆ ಹೀರಿಕೊಳ್ಳುವುದರಲ್ಲಿ ಎತ್ತಿದ ಕೈ. ಸಿಂಪಡಿಸಿದ ಮರುದಿನ ಕಿತ್ತ ಚಿಗುರನ್ನು ಒಣಗಿಸಿ ಕುದಿಸಿದಾಗ ಕಹಿಯ ಹಿಂದೆ ಒಂದು ಕಮಟು ಬಂತು. ಬಿಸಿಲು, ಮಳೆ ಅದನ್ನು ಕಳೆಯುವವರೆಗೆ ಕಾಯಬೇಕು. ಅಷ್ಟರಲ್ಲಿ ಎರಡು ಎಲೆ ಒಂದು ಕುಡಿ ಅನ್ನುವ ಹದ ದಾಟಿ ಚಿಗುರು ಬಲಿತಿರುತ್ತದೆ.

ಬಿ.ಟಿ. ಅಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಬ್ಯಾಕ್ಟೀರಿಯಾ. ಪತಂಗದ ಮರಿಗಳಿಗೆ ಬೇಕಾದ ತಳಿ ಕುರ್ಸ್ಟಾಕಿ, ಡಬ್ಬಿ ಕೊಳ್ಳುವಾಗ ಅದನ್ನು ನೋಡಿಕೊಳ್ಳಿ. ಇದು ಮೈಗೆ ತಾಗಿದರೆ ಏನೂ ಆಗುವುದಿಲ್ಲ, ಹುಳು ಅದನ್ನು ತಿನ್ನಬೇಕು. ಹುಳುವಿನ ಕರುಳಿನಲ್ಲಿರುವ ಕ್ಷಾರಕ್ಕೆ ಬ್ಯಾಕ್ಟೀರಿಯಾದ ವಿಷದ ಹರಳು ಕರಗಿ, ಕರುಳಿನ ಗೋಡೆಗೆ ತೂತು ಬೀಳುತ್ತದೆ. ಸ್ವಲ್ಪ ಹೊತ್ತಿಗೆಲ್ಲ ಮೇವು ಬಂದ್. ಸಾಯಲು ಕೆಲವು ದಿನ ಬೇಕು. ಮರುದಿನ ಹೋಗಿ ಹುಳು ಜೀವಂತ ಇದೆ ಅಂತ ಮತ್ತೆ ಹೊಡೆಯುವವರು ಬಹಳ. ಎಲೆ ನೋಡಿ, ಹುಳುವನ್ನಲ್ಲ: ಹೊಸ ಹಿಕ್ಕೆ ಬಿದ್ದಿಲ್ಲ ಅಂದರೆ ಕೆಲಸ ಆಗಿದೆ.

ಬಿ.ಟಿ.ಗೆ ಎರಡು ಶತ್ರು. ಒಂದು ಬಿಸಿಲು, ಅದಕ್ಕೇ ಸಂಜೆ ಹೊಡೆಯಬೇಕು. ಎರಡನೆಯದು ಎಲೆಗೂಡು. ದೊಡ್ಡ ಹುಳು ಗೂಡಿನೊಳಗೇ ಮೇಯುತ್ತದೆ, ಅಲ್ಲಿಗೆ ಹನಿ ತಲುಪುವುದೇ ಇಲ್ಲ. ಗೂಡು ಬಲಿತ ಮೇಲೆ ಹೊಡೆದ ಸಾಲಿಗೂ ಏನೂ ಮಾಡದ ಸಾಲಿಗೂ ನನಗೆ ವ್ಯತ್ಯಾಸವೇ ಕಾಣಲಿಲ್ಲ. ಮೊಟ್ಟೆಯೊಡೆದ ಮರಿಗಳು ಕುಡಿಯ ಕಡೆ ತೆವಳುವ ಆ ಕೆಲವೇ ದಿನಗಳಲ್ಲಿ ಹೊಡೆದ ಸಾಲು ಮಾತ್ರ ದೂರದಿಂದಲೇ ಗುರುತು ಸಿಗುವಷ್ಟು ಚೊಕ್ಕ. ಮದ್ದು ಅದೇ, ಅಳತೆ ಅದೇ. ಮೋಹಕ ಬಲೆಯನ್ನು ಕಿತ್ತು ಹಾಕದೆ ಉಳಿಸಿಕೊಂಡದ್ದು ಇದಕ್ಕೇ.

ಇನ್ನು ಕೈಕೆಲಸ. ಓದುವಾಗ ಇದು ಯಾರಿಗೂ ರುಚಿಸುವುದಿಲ್ಲ. ಆದರೆ ಈ ಪತಂಗಕ್ಕೆ ಒಂದು ದೌರ್ಬಲ್ಯ ಇದೆ: ಮೊಟ್ಟೆಗಳನ್ನು ಚದುರಿಸಿ ಇಡುವುದಿಲ್ಲ. ಬಲಿತ ಎಲೆಯ ಮೇಲ್ಮೈಯಲ್ಲಿ ಒಂದರ ಮೇಲೊಂದು ಮೀನಿನ ಹುರುಪೆಯ ಹಾಗೆ ಹೊಂದಿಸಿ, ತೆಳು ಹಳದಿಯ ಚಪ್ಪಟೆ ಪಟ್ಟಿ ಇಡುತ್ತದೆ. ಒಂದು ಎಲೆ ಕಿತ್ತರೆ ನೂರರ ಆಸುಪಾಸು ಹುಳು ಒಟ್ಟಿಗೇ ಹೋದ ಹಾಗೆ. ಯಾವ ಸ್ಪ್ರೇಗೂ ಈ ಲಾಭ ಇಲ್ಲ. ಬೆಳಗಿನ ಓರೆ ಬಿಸಿಲಲ್ಲಿ ಪಟ್ಟಿ ಸ್ವಲ್ಪ ಹೊಳೆಯುತ್ತದೆ, ಆಗ ಹುಡುಕುವುದು ಸಲೀಸು.

ಕೀಳುವ ಮುಂಚೆ ಪಟ್ಟಿಯನ್ನು ಹತ್ತಿರದಿಂದ ನೋಡಿ. ಪ್ರತಿ ಮೊಟ್ಟೆಯಲ್ಲೂ ಒಂದೊಂದು ಕಪ್ಪು ಚುಕ್ಕೆ ಇದ್ದರೆ ಅದು ಮರಿಯ ತಲೆ, ಇವತ್ತೋ ನಾಳೆಯೋ ಒಡೆಯುತ್ತದೆ. ಚುಕ್ಕೆಯಲ್ಲ, ಇಡೀ ಮೊಟ್ಟೆಯೇ ಕರ್ರಗಾಗಿದ್ದರೆ ಬಿಟ್ಟುಬಿಡಿ. ಅದರೊಳಗೆ ಪತಂಗದ ಮೊಟ್ಟೆಯನ್ನೇ ತಿಂದು ಮುಗಿಸುವ ಟ್ರೈಕೋಗ್ರಾಮ ಕಣಜ ಬೆಳೆಯುತ್ತಿರುತ್ತದೆ. ಅಂಟಿದ ಎಲೆಗೂಡುಗಳ ವಿಷಯವೂ ಅಷ್ಟೇ, ಹೊಸಕಬೇಡಿ. ಸಣ್ಣ ಕಣ್ಣಿನ ಬಲೆ ಕಟ್ಟಿದ ಡಬ್ಬಿಗೆ ಹಾಕಿ ತೋಟದಲ್ಲೇ ಇಟ್ಟರೆ ಕಣಜ ತೂರಿ ಹೊರಗೆ ಹೋಗುತ್ತದೆ, ಪತಂಗ ಒಳಗೇ ಉಳಿಯುತ್ತದೆ. ಕೈಕೆಲಸದ ಕೊರತೆ ಒಂದೇ, ಆಳು ಮತ್ತು ಸಮಯ. ಚಿಗುರು ಕೀಳುವವರೇ ಸೊಂಟಕ್ಕೆ ಇನ್ನೊಂದು ಚೀಲ ಕಟ್ಟಿಕೊಂಡರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ದೊಡ್ಡ ತೋಟವನ್ನು ಇದೊಂದರಿಂದಲೇ ನಿಭಾಯಿಸುತ್ತೇನೆ ಅಂದರೆ ನಾನು ನಂಬುವುದಿಲ್ಲ.

ಗಟ್ಟಿ ರಾಸಾಯನಿಕವನ್ನು ಹೋಲಿಕೆಗೇ ಸೇರಿಸಲಿಲ್ಲ ಯಾಕೆ ಅಂತ ಕೇಳಬಹುದು. ಕಾರಣ ಶ್ರೀಲಂಕಾದಲ್ಲಿ ಆದದ್ದು. ಅಲ್ಲಿ ಈ ಹುಳುವಿನ ಕಾಟಕ್ಕೆ 1930ರ ದಶಕದಲ್ಲಿ ಜಾವಾದಿಂದ ಮ್ಯಾಕ್ರೋಸೆಂಟ್ರಸ್ ಹೊಮೋನೆ ಎಂಬ ಕಣಜ ತಂದು ಬಿಟ್ಟರು. ಅದು ಹುಳುವಿನ ಮೈಯೊಳಗೆ ಬೆಳೆದು, ಒಂದೇ ಹುಳುವಿನಿಂದ ಹಿಂಡಾಗಿ ಹೊರಬರುತ್ತದೆ. ಹುಳು ಹತೋಟಿಗೆ ಬಂತು. ಮುಂದೆ ಟೀ ಕಾಂಡ ಕೊರೆಯುವ ದುಂಬಿಗೆ ಅಂತ ಡೀಲ್ಡ್ರಿನ್ ಎಂಬ ಕೀಟನಾಶಕ ಹೊಡೆದಾಗ ಸತ್ತದ್ದು ಕಣಜ, ಮತ್ತೆ ಎದ್ದದ್ದು ಎಲೆ ಕಟ್ಟುವ ಹುಳು. ಬಿ.ಟಿ. ಕಣಜದ ತಂಟೆಗೆ ಹೋಗುವುದಿಲ್ಲ, ಕೈ ಅಂತೂ ಹೋಗುವುದೇ ಇಲ್ಲ ಅಲ್ವಾ?

ಗಿಡ ಕಡಿಮೆ ಇದ್ದರೆ ನನ್ನ ಓಟು ಕೈಗೆ, ಕಣ್ಣು ಮುಚ್ಚಿ. ಜಾಸ್ತಿ ಇದ್ದರೆ ಮೋಹಕ ಬಲೆ ನೋಡಿಕೊಂಡು ಬಿ.ಟಿ., ಉಳಿದ ಗೂಡುಗಳಿಗೆ ಕೈ. ಬೆಳಕಿನ ಬಲೆಗೆ ಖರ್ಚು ಮಾಡಬೇಡಿ. ಬೇವನ್ನು ನಾನು ಪೂರ್ತಿ ಬಿಟ್ಟಿಲ್ಲ. ಇನ್ನೂ ಚಿಗುರು ಕೀಳಲು ಶುರು ಮಾಡದ ಎಳೆ ಗಿಡಗಳಿಗೆ ಅದನ್ನೇ ಹೊಡೆಯುತ್ತೇನೆ. ಅಲ್ಲಿ ಕಮಟು ಬಂದರೆ ಯಾರಿಗೂ ನಷ್ಟವಿಲ್ಲ.