ಬ್ಯಾಕಪ್ ಕಂಟ್ರೋಲರ್ ಹಳೆಯ ಆವೃತ್ತಿಯಲ್ಲಿರುವಾಗ ಫರ್ಮ್‌ವೇರ್ ಅಪ್‌ಗ್ರೇಡ್‌ಗೆ ಕೈಹಾಕಬೇಡಿ

ವೈಫೈ ಕೊಡುವ ಪೆಟ್ಟಿಗೆಗಳನ್ನು, ಅಂದರೆ ಆಕ್ಸೆಸ್ ಪಾಯಿಂಟ್‌ಗಳನ್ನು, ಒಂದೆಡೆಯಿಂದ ನಿಯಂತ್ರಿಸುವ ವೈರ್‌ಲೆಸ್ ಕಂಟ್ರೋಲರ್‌ನ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ಬದಲಿಸಲು ಹೊರಟವರು ಮೊದಲು, ಮುಖ್ಯ ಕಂಟ್ರೋಲರ್ ಕೈಕೊಟ್ಟಾಗ ಕೆಲಸ ವಹಿಸಿಕೊಳ್ಳುವ ಬ್ಯಾಕಪ್ ಕಂಟ್ರೋಲರ್‌ನಲ್ಲಿ ಯಾವ ಆವೃತ್ತಿಯಿದೆ ಎಂಬುದನ್ನು ದಯವಿಟ್ಟು ನೋಡಿಕೊಳ್ಳಿ. ಅದನ್ನು ಕಡೆಗಣಿಸಿದ್ದರಿಂದ ಒಂದು ರಾತ್ರಿಯಲ್ಲಿ ಮುಗಿಯಬೇಕಿದ್ದ ಕೆಲಸ ನನಗೆ ಎರಡು ದಿನದ ಸಂಕಟವಾಯಿತು.

ನಮ್ಮಲ್ಲಿ ಎರಡು ಕಂಟ್ರೋಲರ್‌ಗಳಿವೆ. ಭದ್ರತಾ ದೋಷವೊಂದಕ್ಕೆ ಪರಿಹಾರವಿದ್ದ ಹೊಸ ಫರ್ಮ್‌ವೇರನ್ನು ಮುಖ್ಯ ಕಂಟ್ರೋಲರ್‌ಗೆ ಮಾತ್ರ ಹಾಕಿ, ಏನಾದರೂ ಎಡವಟ್ಟಾದರೆ ಆಸರೆಗಿರಲಿ ಎಂದು ಬ್ಯಾಕಪ್ಪನ್ನು ಒಂದು ವಾರ ಹಳೆಯ ಆವೃತ್ತಿಯಲ್ಲೇ ಬಿಡಲು ನಿರ್ಧರಿಸಿದೆ. ಮಾರಾಟಗಾರರ ಕಡೆಯ ಎಂಜಿನಿಯರ್ ಕೂಡ ಅದೇ ಸರಿ ಎಂದರು. ಆ ಜಾಗರೂಕತೆಯೇ ನಮಗೆ ಮುಳುವಾಯಿತು.

ಕಂಟ್ರೋಲರ್ ಮತ್ತು ಆಕ್ಸೆಸ್ ಪಾಯಿಂಟ್‌ಗಳ ನಡುವಿನ ಸಂವಹನದ ನಿಯಮಗಳಾಗಿ 2009ರಲ್ಲಿ ಆರ್‌ಎಫ್‌ಸಿ 5415 ಎಂಬ ಇಂಟರ್ನೆಟ್ ದಾಖಲೆಯಲ್ಲಿ ಪ್ರಕಟವಾದ ಕ್ಯಾಪ್‌ವ್ಯಾಪ್ ಪ್ರೋಟೋಕಾಲ್‌ನಂತೆ ನಡೆಯುವ ನಮ್ಮ ವ್ಯವಸ್ಥೆಯಲ್ಲಿ, ಆಕ್ಸೆಸ್ ಪಾಯಿಂಟ್ ಒಂದು ಕಂಟ್ರೋಲರನ್ನು ಸೇರುವಾಗ ಇಬ್ಬರ ಆವೃತ್ತಿಯೂ ಹೊಂದದಿದ್ದರೆ, ಅದು ಕಂಟ್ರೋಲರ್‌ನ ಬಳಿಯಿರುವ ಇಮೇಜನ್ನು (ಫರ್ಮ್‌ವೇರ್ ಕಡತವನ್ನು) ಇಳಿಸಿಕೊಂಡು ರೀಬೂಟ್ ಆಗುತ್ತದೆ. ಆ ಇಮೇಜ್ ಹೊಸದೋ ಹಳೆಯದೋ ಎಂಬುದನ್ನು ಅದು ಲೆಕ್ಕಿಸುವುದಿಲ್ಲ. ಇಮೇಜ್ ಸಾಗುವುದು ಯುಡಿಪಿ ಪೋರ್ಟ್ 5246ರ ನಿಯಂತ್ರಣ ಮಾರ್ಗದಲ್ಲಿ, ಒಂದು ತುಣುಕಿಗೆ ಉತ್ತರ ಬಂದ ಮೇಲಷ್ಟೇ ಮುಂದಿನ ತುಣುಕು. ನಮ್ಮ ಶಾಖೆಯೊಂದರಲ್ಲಿ 60 ಆಕ್ಸೆಸ್ ಪಾಯಿಂಟ್‌ಗಳಿದ್ದು, ಅಲ್ಲಿಗಿರುವ ಲಿಂಕ್ 4 ಎಂಬಿಪಿಎಸ್‌ನದು. ಇಮೇಜ್ ಸುಮಾರು 60 ಎಂಬಿ. ಲಿಂಕ್ ಪೂರ್ತಿ ಇದಕ್ಕೇ ಸಿಕ್ಕರೂ ಅಷ್ಟಕ್ಕೂ ಕಳಿಸಲು ಎರಡು ಗಂಟೆ ಬೇಕು. ಈ ಲೆಕ್ಕವನ್ನು ನಾನು ಮಾಡಿಯೇ ಇರಲಿಲ್ಲ.

ಲಿಂಕ್ ತುಂಬಿಹೋದಾಗ ಕಂಟ್ರೋಲರ್ ಬದುಕಿದೆಯೇ ಎಂದು ಆಕ್ಸೆಸ್ ಪಾಯಿಂಟ್‌ಗಳು ಕಳಿಸುವ ಎಕೋ ಸಂದೇಶಗಳಿಗೆ ಉತ್ತರ ಬರಲಿಲ್ಲ. ಮುಖ್ಯ ಕಂಟ್ರೋಲರ್ ಸತ್ತಿದೆಯೆಂದು ತಿಳಿದು ಅವು ಬ್ಯಾಕಪ್‌ಗೆ ಹೋದವು. ಆಗಲೇ ಹೊಸ ಇಮೇಜ್ ಪಡೆದಿದ್ದವು ಅಲ್ಲಿ ಹಳೆಯದನ್ನು ಇಳಿಸಿಕೊಂಡು ರೀಬೂಟ್ ಆದವು. ಫಾಲ್‌ಬ್ಯಾಕ್ ಚಾಲೂ ಇದ್ದುದರಿಂದ ಸ್ವಲ್ಪ ಹೊತ್ತಿಗೆ ಮುಖ್ಯ ಕಂಟ್ರೋಲರ್‌ಗೆ ಮರಳಿ ಮತ್ತೆ ಹೊಸದನ್ನು ಕೇಳಿದವು. ಬೆಳಗಿನ ಜಾವ ಒಂದು ಆಕ್ಸೆಸ್ ಪಾಯಿಂಟ್‌ಗೆ ಕನ್ಸೋಲ್ ಕೇಬಲ್ ಹಾಕಿ ಕುಳಿತಾಗಲೇ ಇದು ಕಣ್ಣಿಗೆ ಬಿದ್ದದ್ದು: ಸೇರ್ಪಡೆ, ಆವೃತ್ತಿ ಹೊಂದುತ್ತಿಲ್ಲ, ಡೌನ್‌ಲೋಡ್, ರೀಬೂಟ್, ಮತ್ತೆ ಅದೇ ನಾಲ್ಕು ಸಾಲುಗಳು, ಕಂಟ್ರೋಲರ್‌ನ ಐಪಿ ವಿಳಾಸ ಮಾತ್ರ ಬೇರೆ. ಪ್ರತಿ ಸುತ್ತೂ ಅದೇ ಲಿಂಕನ್ನು ಇನ್ನಷ್ಟು ತುಂಬಿಸುತ್ತಿತ್ತು.

ಕೊನೆಗೆ ಫಾಲ್‌ಬ್ಯಾಕ್ ನಿಲ್ಲಿಸಿ, ಶಾಖೆಯ ಸ್ವಿಚ್‌ನಲ್ಲಿ ಆಕ್ಸೆಸ್ ಪಾಯಿಂಟ್‌ಗಳ ಪೋರ್ಟ್‌ಗಳನ್ನು ಮುಚ್ಚಿ, ಬ್ಯಾಕಪ್‌ಗೂ ಅದೇ ಆವೃತ್ತಿ ಹಾಕಿದ ಮೇಲೆ ಐದೈದರಂತೆ ಪೋರ್ಟ್ ತೆರೆದೆವು. ಆಗಲೂ ನಾಲ್ಕು ಹಳೆಯ ಆಕ್ಸೆಸ್ ಪಾಯಿಂಟ್‌ಗಳು ಸೇರಲೇ ಇಲ್ಲ, ಏಕೆಂದರೆ ಹೊಸ ಆವೃತ್ತಿ ಆ ಮಾದರಿಯನ್ನು ಕೈಬಿಟ್ಟಿತ್ತು. ರಿಲೀಸ್ ನೋಟ್ಸ್‌ನಲ್ಲಿ ಅದು ಸ್ಪಷ್ಟವಾಗಿ ಬರೆದಿತ್ತು. ನಾನು ಓದಿದ್ದು ದೋಷಪರಿಹಾರದ ಪಟ್ಟಿಯನ್ನಷ್ಟೇ.

ಇಷ್ಟೆಲ್ಲವನ್ನೂ ತಪ್ಪಿಸಬಹುದಾಗಿದ್ದ ಪ್ರೀ-ಡೌನ್‌ಲೋಡ್ ಸೌಲಭ್ಯ ನಮ್ಮ ಕಂಟ್ರೋಲರ್‌ನಲ್ಲೇ ಇತ್ತು. ಅದರಲ್ಲಿ ಆಕ್ಸೆಸ್ ಪಾಯಿಂಟ್ ಬಳಕೆದಾರರಿಗೆ ಸೇವೆ ಕೊಡುತ್ತಲೇ ಹೊಸ ಇಮೇಜನ್ನು ತನ್ನ ಮೆಮೊರಿಯ ಎರಡನೆಯ ಜಾಗದಲ್ಲಿ ಇಳಿಸಿಟ್ಟುಕೊಳ್ಳುತ್ತದೆ, ರೀಬೂಟ್ ಒಂದೇ ಬಾಕಿ ಉಳಿಯುತ್ತದೆ. ಸಮಯ ಉಳಿಸಲೆಂದು ನಾನು ಅದನ್ನು ಬಿಟ್ಟಿದ್ದೆ. ನಿಮ್ಮ ಕಂಟ್ರೋಲರ್‌ನಲ್ಲಿ ಈ ಸೌಲಭ್ಯವಿದ್ದರೆ ಎರಡು ದಿನ ಮೊದಲೇ ಆರಂಭಿಸಿ. ಇಮೇಜ್ ಪೂರ್ತಿ ಇಳಿಸಿಕೊಂಡವುಗಳ ಸಂಖ್ಯೆ ಸೇರಿರುವ ಆಕ್ಸೆಸ್ ಪಾಯಿಂಟ್‌ಗಳ ಸಂಖ್ಯೆಗೆ ಸಮವಾಗುವವರೆಗೆ ಯಾವ ಕಂಟ್ರೋಲರನ್ನೂ ರೀಬೂಟ್ ಮಾಡಬೇಡಿ.