ಮಾಮೂಲಿ ಕ್ರೂಸಾ, ರಾಡಾರ್ ಇರೋದಾ? ಎರಡನ್ನೂ ದಾವಣಗೆರೆವರೆಗೆ ಓಡಿಸಿ ನೋಡಿದೆ

ನನ್ನದು ಮ್ಯಾನುಯಲ್ ಕಾರು, ಮಾಮೂಲಿ ಕ್ರೂಸ್ ಕಂಟ್ರೋಲ್, ಅಂದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಸೆಟ್ ಮಾಡಿದ ಸ್ಪೀಡಿನಲ್ಲೇ ಕಾರನ್ನು ಓಡಿಸುವ ವ್ಯವಸ್ಥೆ. ಭಾವನ ಹೊಸ ಆಟೋಮ್ಯಾಟಿಕ್‌ನಲ್ಲಿ ಅಡಾಪ್ಟಿವ್ ಇದೆ, ಅಂದರೆ ಮುಂದಿನ ಗಾಡಿ ನೋಡಿಕೊಂಡು ಸ್ಪೀಡು ಹೊಂದಿಸುವ ರಾಡಾರ್ ಕ್ರೂಸ್. ಬೆಂಗಳೂರಿನಿಂದ ದಾವಣಗೆರೆಗೆ ಒಂದು ಸಲ ನನ್ನ ಕಾರು, ಎರಡು ವಾರ ಬಿಟ್ಟು ಅದೇ ದಾರಿಗೆ ಭಾವನದು. ಎರಡರಲ್ಲೂ 90ಕ್ಕೇ ಸೆಟ್ ಮಾಡಿದ್ದೆ.

ಮಾಮೂಲಿ ಕ್ರೂಸ್‌ಗೆ ಬೇಕಾಗಿರುವುದು ನಾವು ಹೇಳಿದ ಸ್ಪೀಡು ಮಾತ್ರ. ಈಗ ಎಷ್ಟು ಓಡುತ್ತಿದ್ದೇವೆ ಅಂತ ಸೆನ್ಸರ್ ಹೇಳುತ್ತದೆ, ಕಂಪ್ಯೂಟರ್ ತಾಳೆ ನೋಡಿ ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು) ತೆರೆಯುತ್ತದೆ, ಇಲ್ಲವೇ ಮುಚ್ಚುತ್ತದೆ. ಹಿರಿಯೂರು ದಾಟಿ ಏರು ಬಂದಾಗ ಇದು ಕಣ್ಣಿಗೇ ಕಂಡಿತು. 90 ಇದ್ದದ್ದು 87 ಆಯಿತು. ಆಮೇಲೆ ಎಂಜಿನ್ ಗುರ್ ಅಂದು ಮತ್ತೆ 90. ಏರು ಮುಗಿಯುತ್ತಲೇ 92! ಮುಂದೆ ಏರಿದೆ ಅಂತ ಅದಕ್ಕೇನು ಗೊತ್ತು, ಸ್ಪೀಡು ಬಿದ್ದ ಮೇಲೇ ಎಚ್ಚರ. ಎಷ್ಟು ಕಮ್ಮಿ ಅನ್ನುವುದರ ಜೊತೆಗೆ ಎಷ್ಟು ಹೊತ್ತಿನಿಂದ ಕಮ್ಮಿ ಅನ್ನುವ ಲೆಕ್ಕವನ್ನೂ ಇಟ್ಟಿರುತ್ತದೆ. ಆ ಬಾಕಿ ತೀರಿಸುವ ಭರದಲ್ಲಿ ಸ್ವಲ್ಪ ಜಾಸ್ತಿಯೇ ಓಡಿಬಿಡುತ್ತದೆ.

ಚಿತ್ರದುರ್ಗದಾಚೆ ಇಳಿಜಾರಿನಲ್ಲಿ ಇನ್ನೂ ಪಾಪ. ನನ್ನ ಕಾರಿನಲ್ಲಿ ಅದು ಬ್ರೇಕ್ ಹಾಕುವುದಿಲ್ಲ, ಥ್ರಾಟಲ್ ಬಿಟ್ಟರೂ 96 ಆಯಿತು. ನಾನೇ ಬ್ರೇಕ್ ಒತ್ತಿದೆ, ಕ್ರೂಸ್ ಆಫ್ ಆಯಿತು. ಕ್ಲಚ್ ತುಳಿದರೂ ಅಷ್ಟೇ. ರೆಸ್ಯೂಮ್ ಒತ್ತಿದರೆ ಮತ್ತೆ ಹಳೆಯ 90ಕ್ಕೇ ಹೋಗುತ್ತದೆ.

ಭಾವನ ಕಾರಿಗೆ ಮುಂದೆ ರಾಡಾರ್, ಗಾಜಿನ ಹಿಂದೆ ಕ್ಯಾಮೆರಾ. ಮುಂದಿನ ಗಾಡಿ ಎಷ್ಟು ದೂರ, ಎಷ್ಟು ವೇಗ ಎಂದು ಅಳೆದು, ಬೇಕಾದರೆ ತಾನೇ ಬ್ರೇಕ್ ಹಾಕುತ್ತದೆ. 60ರಲ್ಲಿ ಹೋಗುತ್ತಿದ್ದ ಲಾರಿಯ ಹಿಂದೆ ಸದ್ದಿಲ್ಲದೆ 60ಕ್ಕೆ ಇಳಿದು ಕೂತಿತು. ನೆಲಮಂಗಲದ ಜಾಮ್‌ನಲ್ಲಂತೂ ಸ್ವರ್ಗ: ಪೂರ್ತಿ ನಿಲ್ಲುತ್ತದೆ, ಸುಮ್ನೆ ಆಕ್ಸಿಲರೇಟರ್ ಮುಟ್ಟಿದರೆ ಮತ್ತೆ ಹೊರಡುತ್ತದೆ.

ತೊಂದರೆ ಅದು ಮುಂದಿನ ಗಾಡಿಗೆ ಬಿಡುವ ಜಾಗದ್ದು. ಎಲ್ಲಕ್ಕಿಂತ ಕಮ್ಮಿ ಅಂತರ ಇಟ್ಟರೂ ನಮ್ಮ ಕಡೆ ಅದು 'ಬನ್ನಿ, ಬನ್ನಿ' ಅಂದ ಹಾಗೆ. ತುಮಕೂರಿನ ಹತ್ತಿರ ಒಂದು ಬೈಕ್ ನುಗ್ಗಿತು, ಕಾರು ಬ್ರೇಕ್ ಹಾಕಿತು. ಬೈಕ್ ಪಕ್ಕಕ್ಕೆ ಹೋಯಿತು, ಕಾರು ಓಡಿತು. ಅಷ್ಟರಲ್ಲಿ ಒಂದು ವ್ಯಾನ್. ಹಿಂದೆ ಕೂತಿದ್ದ ಅಕ್ಕನಿಗೆ ಹೊಟ್ಟೆ ತೊಳೆಸತೊಡಗಿತು. "ಏನೋ ಇದು, ಹೀಗಾ ಓಡಿಸೋದು?" ಅಂದಳು. "ನಾನಲ್ಲಕ್ಕ, ಕಾರು" ಅಂದರೆ ನಂಬಬೇಕಲ್ಲ.

ತಮಾಷೆ ಏನಂದರೆ ಕ್ರೂಸ್ ಹುಟ್ಟಿದ್ದೇ ಇಂಥ ಎಳೆದಾಟಕ್ಕೆ ಬೇಸತ್ತು ಅಂತಾರೆ. ಕಂಡುಹಿಡಿದ ಅಮೆರಿಕದ ರಾಲ್ಫ್ ಟೀಟರ್‌ಗೆ ಕಣ್ಣು ಕಾಣುತ್ತಿರಲಿಲ್ಲ. ಅವರನ್ನು ಕೂರಿಸಿಕೊಂಡು ಓಡಿಸುತ್ತಿದ್ದ ಅವರ ವಕೀಲರು ಮಾತಾಡುವಾಗ ಕಾರು ನಿಧಾನ, ಕೇಳಿಸಿಕೊಳ್ಳುವಾಗ ಜೋರು! 1958ರಲ್ಲಿ ಕ್ರೈಸ್ಲರ್ ಅದನ್ನು ಕಾರಿಗೆ ಹಾಕಿತು.

ನಿಂತ ಗಾಡಿಯ ವಿಷಯದಲ್ಲಿ ಮಾತ್ರ ರಾಡಾರನ್ನು ನಂಬಿ ಕೂರಬೇಡಿ. ಸೇತುವೆ, ಬೋರ್ಡು ಎಲ್ಲಕ್ಕೂ ಬ್ರೇಕ್ ಹಾಕುತ್ತಾ ಹೋದರೆ ಆಗುವುದಿಲ್ಲವಲ್ಲ, ಹಾಗಾಗಿ ಎಷ್ಟೋ ಕಾರುಗಳು ಅಲ್ಲಾಡದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಮ್ಮಿ. ಕೆಟ್ಟು ನಿಂತ ಲಾರಿಯೂ ಆ ಗುಂಪಿಗೇ ಸೇರಿಬಿಡಬಹುದು. ಮಳೆ ಬಂದರೆ ನಾನು ಎರಡನ್ನೂ ಆಫ್ ಮಾಡುತ್ತೇನೆ.

ದಿನಾ ಜಾಮ್‌ನಲ್ಲಿ ತೆವಳುವವರಿಗೆ ರಾಡಾರ್ ಇರುವ ಆಟೋಮ್ಯಾಟಿಕ್ ದುಡ್ಡಿಗೆ ಮೋಸವಿಲ್ಲ. ತಿಂಗಳಿಗೊಮ್ಮೆ ಊರಿಗೆ ಹೋಗುವ ನನಗೆ ಮಾಮೂಲಿಯೇ ಸಾಕು. ಸಿರಾದಿಂದಾಚೆ ರಸ್ತೆ ಖಾಲಿ ಇದ್ದಾಗ ಹಾಕುತ್ತೇನೆ, ಅಕ್ಕ ಜೊತೆಗಿದ್ದರೆ ಅದೂ ಇಲ್ಲ.